ಬೇಗಂಪೇಟೆಯಿಂದ ಕಾವಲೂರಿಗೆ: ಡಾ. ವೇಣು ಬಾಪು



ಆಗಸ್ಟ್ 10 ಖಗೋಳ ವಿಜ್ಞಾನಿ ಡಾ. ವೇಣು ಬಾಪು ಅವರ ಜನ್ಮದಿನ, 19 ಅವರ ಪುಣ್ಯತಿಥಿ. ಉಮರ್ಗಾ, ನಿಲಂಗಾ, ಉದಗೀರದ ನಮಗೆ ಅವರು ಪರಕೀಯರಲ್ಲ. ನಮ್ಮ ಹಿರಿಯರು ನಿಜಾಮನ ಪ್ರಜೆಗಳಾಗಿದ್ದಾಗ, ಉದಗೀರ ಮತ್ತು ನಿಲಂಗಾ ಇನ್ನೂ ಬೀದರ ಜಿಲ್ಲೆಯಲ್ಲೇ ಇದ್ದಾಗ, ಅದೇ ಸಂಸ್ಥಾನದ ರಾಜಧಾನಿಯಲ್ಲಿ ಬೆಳೆದವರು ಅವರು.

ಹುಟ್ಟಿದ್ದು 1927ರಲ್ಲಿ, ಮದ್ರಾಸಿನಲ್ಲಿ. ಮನೆಮಾತು ಮಲಯಾಳಂ. ತಂದೆಯವರದು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ನೌಕರಿ. ಹೀಗಾಗಿ ಹುಡುಗನಿಗೆ ದೂರದರ್ಶಕ ಮನೆಯ ಸಾಮಾನಿನಷ್ಟೇ ಪರಿಚಿತ. ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನದ ಮೇಲೆ ಹಾರ್ವರ್ಡ್‌ಗೆ ಹೋದರು. 1949ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ಹೊಸ ಧೂಮಕೇತುವೊಂದು ಕಣ್ಣಿಗೆ ಬಿತ್ತು. ಬಾಪು, ಬೋಕ್, ನ್ಯೂಕರ್ಕ್ ಮೂವರ ಹೆಸರನ್ನೂ ಅದಕ್ಕಿಟ್ಟರು. ಆಮೇಲೆ ಪಾಲೊಮಾರ್‌ನಲ್ಲಿ ಓಲಿನ್ ವಿಲ್ಸನ್ ಜೊತೆ ಕೆಲಸ. ನಕ್ಷತ್ರದ ಬೆಳಕಿನಲ್ಲಿರುವ ಕ್ಯಾಲ್ಸಿಯಂ ರೇಖೆಯ ಅಗಲ ಅಳೆದರೆ ಆ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆ, ಅದರಿಂದ ದೂರವೂ ತಿಳಿಯುತ್ತದೆ ಎಂದು 1957ರಲ್ಲಿ ಇಬ್ಬರೂ ತೋರಿಸಿಕೊಟ್ಟರು.

ಅಮೆರಿಕದಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. ನೈನಿತಾಲದಲ್ಲಿ ವೀಕ್ಷಣಾಲಯ ಕಟ್ಟಿದರು, 1960ರಲ್ಲಿ ಕೊಡೈಕನಾಲಿಗೆ ಬಂದರು, ಜವ್ವಾದಿ ಬೆಟ್ಟದ ಕಾವಲೂರನ್ನು ಆರಿಸಿದರು. 1971ರಲ್ಲಿ ಭಾರತೀಯ ಖಗೋಳಭೌತ ಸಂಸ್ಥೆಯ ಮೊದಲ ನಿರ್ದೇಶಕರಾದರು. ಬೆಂಗಳೂರು ಈ ಶಾಸ್ತ್ರದ ತವರಾದದ್ದರಲ್ಲಿ ಅವರ ಪಾಲು ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಅವರ ದೊಡ್ಡ ಆಸೆ ಒಂದೇ: ನಮ್ಮವರೇ ಕಟ್ಟಿದ 2.34 ಮೀಟರ್ ದೂರದರ್ಶಕ. ಅಷ್ಟು ದೊಡ್ಡದು ಯಾಕೆ? ದೂರದ ಗೆಲಾಕ್ಸಿಗಳ ಬೆಳಕು ಬಹಳ ಮಂದ. ಎಷ್ಟು ದೂರ ನೋಡುತ್ತೇವೋ ಅಷ್ಟು ಹಿಂದಿನ ಕಾಲವನ್ನು ನೋಡುತ್ತೇವೆ. ದೂರದ, ಅಂದರೆ ಹಳೆಯ, ಗೆಲಾಕ್ಸಿ ಗುಚ್ಛಗಳಲ್ಲಿ ನಕ್ಷತ್ರ ಹುಟ್ಟುತ್ತಿರುವ ನೀಲಿ ಗೆಲಾಕ್ಸಿಗಳು ಹೆಚ್ಚು. ಹತ್ತಿರದ ಗುಚ್ಛಗಳಲ್ಲಿ ಕೆಂಪಾದ, ಮುಪ್ಪಾದವುಗಳೇ ಹೆಚ್ಚು. ಗುಚ್ಛದೊಳಗೆ ಕಾದ ಅನಿಲ ತುಂಬಿರುತ್ತದೆ. ಗೆಲಾಕ್ಸಿಯೊಂದು ರಭಸದಿಂದ ಅದರೊಳಗೆ ನುಗ್ಗಿದಾಗ, ಕಣದಲ್ಲಿ ತೊಗರಿ ತೂರಿದರೆ ಹೊಟ್ಟು ಹಾರುವಂತೆ, ಅದರ ಅನಿಲ ಹಾರಿಹೋಗುತ್ತದೆ. ಕಾಳಿನಂತೆ ನಕ್ಷತ್ರಗಳು ಉಳಿಯುತ್ತವೆ. ಅನಿಲವಿಲ್ಲದ ಮೇಲೆ ಹೊಸ ನಕ್ಷತ್ರ ಹುಟ್ಟುವುದೆಲ್ಲಿಂದ?

ಕನ್ನಡಿಯನ್ನು ಬೆಂಗಳೂರಿನಲ್ಲೇ ಉಜ್ಜಲಾಯಿತು. ಭಾರೀ ಉಕ್ಕಿನ ಚೌಕಟ್ಟು ನಮ್ಮ ಮಹಾರಾಷ್ಟ್ರದ ವಾಲಚಂದನಗರದಲ್ಲಿ ತಯಾರಾಯಿತು. ಕೆಲಸ ಇನ್ನೂ ನಡೆದಿತ್ತು. ಆಗ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರು, ಆ ಸ್ಥಾನಕ್ಕೇರಿದ ಮೊದಲ ಭಾರತೀಯ. 1982ರ ಆಗಸ್ಟ್ 19ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರ, ಮ್ಯೂನಿಕ್‌ನಲ್ಲಿ ತೀರಿಕೊಂಡರು. ವಯಸ್ಸು ಐವತ್ತೈದು.

ದೂರದರ್ಶಕ 1986ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ಅವರದೇ ಹೆಸರು. ಅವರು ಕಟ್ಟಿದ ಸಂಸ್ಥೆಯೇ ಮುಂದೆ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ಸಿದ್ಧಪಡಿಸಿತು. 70 ಕೋಟಿ ಜ್ಯೋತಿರ್ವರ್ಷಕ್ಕೂ ದೂರದ ಏಬೆಲ್ 85 ಗುಚ್ಛದಲ್ಲಿ, ಗೆಲಾಕ್ಸಿಯೊಂದರಿಂದ ತೂರಿಹೋದ ಅನಿಲದ ಬಾಲದಲ್ಲೂ ಎಳೆಯ ನಕ್ಷತ್ರಗಳು ಹುಟ್ಟುತ್ತಿರುವುದನ್ನು ಅದು ಕಂಡಿದೆ.