ಸರ್ ಎಂ. ವಿಶ್ವೇಶ್ವರಯ್ಯ: ಮೊದಲ ಸಲಕ್ಕೇ ಸರಿಯಾದ ಕೆಲಸದ ಆದರ್ಶ

ಪೀಠಿಕೆ

ಇಂದಿನ ಚಿಕ್ಕಮಗಳೂರು ಜಿಲ್ಲೆಯು ಮೈಸೂರು ಸಂಸ್ಥಾನದ ಆಡಳಿತ ಕಾಲದಲ್ಲಿ ಕಡೂರು ಜಿಲ್ಲೆ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಈ ಜಿಲ್ಲೆಯ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಬೆಟ್ಟಗಳಲ್ಲಿ ದೊರೆತ ಅದಿರನ್ನು ಆಧರಿಸಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ತಲೆಯೆತ್ತಿತು. ಈ ಕಾರ್ಖಾನೆಯನ್ನು ಯೋಜಿಸಿ, ಅದು ನಷ್ಟದ ಸುಳಿಗೆ ಸಿಕ್ಕಾಗ ಅದನ್ನು ಉಳಿಸಿದ ಮಹನೀಯರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕೆಲಸದಲ್ಲಿ ತಪ್ಪು ನಡೆದ ಮೇಲೆ ತಿದ್ದುವುದಕ್ಕಿಂತ, ತಪ್ಪು ನಡೆಯದಂತೆ ಮೊದಲೇ ವ್ಯವಸ್ಥೆ ಮಾಡುವುದು ಲೇಸೆಂಬ ತತ್ತ್ವವನ್ನು ಅವರು ತಮ್ಮ ವೃತ್ತಿಜೀವನದುದ್ದಕ್ಕೂ ಪಾಲಿಸಿದರು. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಸೆಪ್ಟೆಂಬರ್ 15ರಂದು ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತಾ ವ್ಯಾಸಂಗ ಮುಂದುವರಿಸಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾಗಿ ನೇಮಕಗೊಂಡರು.

ಬೊಂಬಾಯಿ ಪ್ರಾಂತ್ಯದ ಸೇವೆ

ಸೇವೆಯ ಆರಂಭದಲ್ಲಿಯೇ ಖಾನ್‌ದೇಶದಲ್ಲಿ ನದಿಯೊಂದಕ್ಕೆ ಅಡ್ಡಲಾಗಿ ಕಾಲುವೆಯ ನೀರನ್ನು ಕೊಳವೆಗಳ ಮೂಲಕ ದಾಟಿಸುವ ಕೆಲಸ ಅವರ ಪಾಲಿಗೆ ಬಂದಿತು. ಮಳೆಗಾಲದ ಪ್ರವಾಹ ಮತ್ತು ಮರಳಿನ ನಡುವೆ ನಡೆಸಬೇಕಾದ ಕಾಮಗಾರಿಯ ಕಷ್ಟವನ್ನು ಅವರು ಅಲ್ಲಿ ಪ್ರತ್ಯಕ್ಷವಾಗಿ ಕಂಡರು. 1890ರ ದಶಕದಲ್ಲಿ ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುವ ಹೊಣೆ ಅವರದಾಯಿತು. ಸಿಂಧೂ ನದಿಯ ನೀರು ಕೆಸರಿನಿಂದ ಕೂಡಿತ್ತು. ದೊಡ್ಡ ಶೋಧಕ ಕೊಳಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿರಲಿಲ್ಲ. ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಮೂಲಕ ತಾನಾಗಿಯೇ ಸೋಸಿ ಬಂದ ತಿಳಿನೀರನ್ನು ಪಟ್ಟಣಕ್ಕೆ ಏರಿಸುವ ವ್ಯವಸ್ಥೆಯನ್ನು ಅವರು ರೂಪಿಸಿದರು.

ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಲಾದ ಸ್ವಯಂಚಾಲಿತ ಬಾಗಿಲುಗಳು ಅವರಿಗೆ ಹೆಚ್ಚಿನ ಕೀರ್ತಿಯನ್ನು ತಂದವು. ಅಲ್ಲಿಯವರೆಗೆ ಕೋಡಿಯ ಮಟ್ಟಕ್ಕೆ ಬಂದ ನೀರೆಲ್ಲವೂ ಹರಿದು ವ್ಯರ್ಥವಾಗುತ್ತಿತ್ತು. ಕೋಡಿಯ ಮೇಲೆ ಸಾಧಾರಣ ಬಾಗಿಲುಗಳನ್ನು ನಿಲ್ಲಿಸಿದರೆ ಹೆಚ್ಚು ನೀರನ್ನು ಹಿಡಿದಿಡಬಹುದಾಗಿತ್ತು. ಆದರೆ ನಡುರಾತ್ರಿ ಪ್ರವಾಹ ಬಂದಾಗ ಕಾವಲಿನವನು ನಿದ್ರಿಸಿದರೆ ಅಣೆಕಟ್ಟಿಗೇ ಅಪಾಯವಿತ್ತು. ನೀರು ನಿಗದಿತ ಮಟ್ಟವನ್ನು ಮೀರಿದೊಡನೆ ತಾವಾಗಿ ತೆರೆದುಕೊಂಡು, ಪ್ರವಾಹ ಇಳಿದೊಡನೆ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ವಿಶ್ವೇಶ್ವರಯ್ಯನವರು ರಚಿಸಿದರು. ಮನುಷ್ಯನಿಂದ ಆಗಬಹುದಾದ ಲೋಪಕ್ಕೆ ಅವಕಾಶವನ್ನೇ ನೀಡದಿರುವುದು ಈ ರಚನೆಯ ವಿಶೇಷವಾಗಿತ್ತು. ಇಂದು ಕಾರ್ಖಾನೆಗಳಲ್ಲಿ ಯಂತ್ರದ ಕಾವಲು ಸರಿಯಾಗಿ ಕುಳಿತ ಹೊರತು ಯಂತ್ರ ಚಾಲನೆಗೊಳ್ಳದಂತೆ ಮಾಡುವ ವ್ಯವಸ್ಥೆಯ ಹಿಂದೆಯೂ ಇದೇ ವಿಚಾರ ಅಡಗಿದೆ.

1908ರಲ್ಲಿ ಅವರು ಬೊಂಬಾಯಿ ಸರ್ಕಾರದ ಸೇವೆಯಿಂದ ನಿವೃತ್ತಿ ಪಡೆದರು. ಅದೇ ವರ್ಷ ಮೂಸಿ ನದಿಯ ಭೀಕರ ಪ್ರವಾಹಕ್ಕೆ ತುತ್ತಾದ ಹೈದರಾಬಾದ್ ನಗರದ ರಕ್ಷಣೆಗೆ ಯೋಜನೆ ರೂಪಿಸಿಕೊಟ್ಟರು. ನಗರಕ್ಕಿಂತ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ಅಲ್ಲಿಯೇ ತಡೆಯಬೇಕೆಂಬುದು ಅವರ ಸಲಹೆಯಾಗಿತ್ತು.

ಕನ್ನಂಬಾಡಿ ಅಣೆಕಟ್ಟೆ

1909ರ ನವೆಂಬರ್‌ನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿ ಅಧಿಕಾರ ವಹಿಸಿಕೊಂಡರು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಯೋಜನೆಯಲ್ಲಿ 124 ಅಡಿ ನೀರು ನಿಲ್ಲಿಸುವ ಉದ್ದೇಶವಿತ್ತು. ಆದರೆ ಮದರಾಸು ಸರ್ಕಾರದ ಆಕ್ಷೇಪಣೆಯಿಂದಾಗಿ ಮೊದಲಿಗೆ 80 ಅಡಿಗೆ ಮಾತ್ರ ಅನುಮತಿ ದೊರೆಯಿತು. 80 ಅಡಿಗೆ ಸಾಕಾಗುವಷ್ಟೇ ತಳಪಾಯ ಹಾಕಿದರೆ ಖರ್ಚು ಕಡಿಮೆಯಾಗುತ್ತಿತ್ತು. ಆದರೆ ಮುಂದೆ ಪೂರ್ಣ ಎತ್ತರಕ್ಕೆ ಅನುಮತಿ ದೊರೆತಾಗ ಆ ತಳಪಾಯ ಭಾರ ಹೊರಲಾರದೆ ಹೋಗುತ್ತಿತ್ತು. ಆದುದರಿಂದ 124 ಅಡಿಗೆ ತಕ್ಕ ಅಗಲದ ತಳಪಾಯವನ್ನೇ ಮೊದಲು ಹಾಕಬೇಕೆಂದು ವಿಶ್ವೇಶ್ವರಯ್ಯನವರು ನಿರ್ಧರಿಸಿದರು. ಸಂಸ್ಥಾನದ ಬೊಕ್ಕಸದ ದೃಷ್ಟಿಯಿಂದ ಇದು ಸಣ್ಣ ಧೈರ್ಯವಾಗಿರಲಿಲ್ಲ. 1924ರ ಒಪ್ಪಂದದಿಂದ ಪೂರ್ಣ ಎತ್ತರಕ್ಕೆ ಸಮ್ಮತಿ ದೊರೆತಾಗ ಅಡಿಪಾಯವನ್ನು ಮತ್ತೆ ಅಗೆಯುವ ಪ್ರಮೇಯವೇ ಬರಲಿಲ್ಲ. ಮಂಡ್ಯ ಸೀಮೆಯ ಬಯಲುಗಳು ನೀರು ಕಂಡುದರ ಹಿಂದೆ ಈ ನಿರ್ಧಾರವಿದೆ ಎಂಬುದು ಸ್ಮರಣೀಯ.

ದಿವಾನರಾಗಿ

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಮೈಸೂರು ಬ್ಯಾಂಕು (1913), ಕನ್ನಡ ಸಾಹಿತ್ಯ ಪರಿಷತ್ತು (1915) ಮತ್ತು ಮೈಸೂರು ವಿಶ್ವವಿದ್ಯಾನಿಲಯ (1916) ಈ ಅವಧಿಯಲ್ಲಿ ಸ್ಥಾಪನೆಯಾದವು. ತರೀಕೆರೆಯಿಂದ ನರಸಿಂಹರಾಜಪುರದವರೆಗಿನ ಕಿರಿದಾದ ಹಳಿಯ ಟ್ರಾಮ್ ಮಾರ್ಗವೂ ಇದೇ ಕಾಲದ್ದು. ಮಲೆನಾಡಿನ ಮರಮುಟ್ಟು ಮತ್ತು ಬೆಳೆಗಳು ತರೀಕೆರೆಯ ರೈಲು ನಿಲ್ದಾಣವನ್ನು ತಲುಪಲು ಇದು ಅನುಕೂಲವಾಯಿತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಪ್ರಾಶಸ್ತ್ಯ ನೀಡುವ ವಿಚಾರದಲ್ಲಿ ಅರಮನೆಯ ನಿಲುವಿನೊಡನೆ ಅವರಿಗೆ ಭಿನ್ನಾಭಿಪ್ರಾಯ ಉಂಟಾಯಿತು. ಅವರು 1918ರ ಕೊನೆಯಲ್ಲಿ ರಾಜೀನಾಮೆ ಸಲ್ಲಿಸಿದರು. ಈ ವಿಷಯದಲ್ಲಿ ನಾಡು ಮುಂದೆ ಸಾಗಿದ ದಾರಿ ಅವರ ಅಭಿಪ್ರಾಯಕ್ಕಿಂತ ಬೇರೆಯಾಗಿತ್ತು.

ಕೆಮ್ಮಣ್ಣುಗುಂಡಿಯ ಅದಿರು ಮತ್ತು ಭದ್ರಾವತಿಯ ಕಾರ್ಖಾನೆ

ಕಬ್ಬಿಣದ ಕಾರ್ಖಾನೆಯ ಯೋಜನೆಯು ಅವರ ದಿವಾನಗಿರಿಯ ಕಾಲದಲ್ಲಿಯೇ ಸಿದ್ಧವಾಗಿತ್ತು. ಅದಿರು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಬರಬೇಕಾಗಿತ್ತು. ನೀರನ್ನು ಭದ್ರಾ ನದಿ ಒದಗಿಸುತ್ತಿತ್ತು. ಕಲ್ಲಿದ್ದಲ ಗಣಿಗಳು ಬಹು ದೂರದಲ್ಲಿದ್ದುದರಿಂದ ಸುತ್ತಲಿನ ಕಾಡಿನ ಸೌದೆಯಿಂದ ಮಾಡಿದ ಇದ್ದಿಲನ್ನು ಊದುಕುಲುಮೆಗೆ ಬಳಸಲು ನಿರ್ಧರಿಸಲಾಯಿತು. ಬೆಟ್ಟದ ಅದಿರು ತೂಗುಹಗ್ಗದ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿಯನ್ನು ತಲುಪುವ ವ್ಯವಸ್ಥೆ ಬೆಳೆದುಬಂದಿತು. ತರೀಕೆರೆ ಸೀಮೆಯ ಅನೇಕ ಕುಟುಂಬಗಳಿಗೆ ಗಣಿಯ ಕೂಲಿ ಜೀವನಾಧಾರವಾಯಿತು.

1923ರ ಜನವರಿಯಲ್ಲಿ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿತು. ಆದರೆ ಮಹಾಯುದ್ಧದ ಕಾಲದಲ್ಲಿ ಏರಿದ್ದ ಬೀಡು ಕಬ್ಬಿಣದ ಬೆಲೆ ಅಷ್ಟರಲ್ಲಿ ಕುಸಿದಿತ್ತು. ಕಟ್ಟಡ ಮತ್ತು ಯಂತ್ರಗಳ ವೆಚ್ಚ ಹೆಚ್ಚಾಗಿತ್ತು. ಸಾರ್ವಜನಿಕರ ಹಣ ವ್ಯರ್ಥವಾಯಿತೆಂಬ ಟೀಕೆ ಎಲ್ಲೆಡೆ ಕೇಳಿಬಂದಿತು. ಕಾರ್ಖಾನೆಯನ್ನು ಮುಚ್ಚಿದ್ದರೆ ಹೂಡಿದ ಹಣದೊಂದಿಗೆ ನೂರಾರು ಮನೆಗಳ ಅನ್ನವೂ ಹೋಗುತ್ತಿತ್ತು. ಇಂತಹ ಸಮಯದಲ್ಲಿ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಕೋರಿಕೆಯಂತೆ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು, 1929ರವರೆಗೆ ಆ ಹೊಣೆಯನ್ನು ಹೊತ್ತರು.

ಅವರು ಕೈಗೊಂಡ ಕ್ರಮಗಳು ಸರಳವಾಗಿದ್ದವು. ಪ್ರತಿ ವಿಭಾಗದ ಖರ್ಚು ಮತ್ತು ಉತ್ಪಾದನೆಯ ಲೆಕ್ಕವನ್ನು ನಿಯಮಿತವಾಗಿ ಪರಿಶೀಲಿಸಲಾಯಿತು. ಹೆಚ್ಚು ಸಂಬಳದ ವಿದೇಶೀ ತಜ್ಞರ ಸ್ಥಾನಕ್ಕೆ ತರಬೇತಿ ಪಡೆದ ನಮ್ಮ ನಾಡಿನ ಯುವಕರನ್ನು ಕ್ರಮವಾಗಿ ತರಲಾಯಿತು. ಬೀಡು ಕಬ್ಬಿಣವನ್ನು ಹಾಗೆಯೇ ಮಾರುವುದರ ಜೊತೆಗೆ ಎರಕದ ಕೊಳವೆಗಳಂತಹ ಸಿದ್ಧವಸ್ತುಗಳ ತಯಾರಿಕೆಗೂ ಗಮನ ನೀಡಲಾಯಿತು. ಇದ್ದಿಲಿನಲ್ಲಿ ಗಂಧಕದ ಅಂಶ ಅತಿ ಕಡಿಮೆ ಇರುವುದರಿಂದ ಭದ್ರಾವತಿಯ ಕಬ್ಬಿಣವು ಶುದ್ಧತೆಗೆ ಹೆಸರಾಯಿತು. ಕಾರ್ಖಾನೆ ಉಳಿಯಿತು, 1936ರಲ್ಲಿ ಅಲ್ಲಿ ಉಕ್ಕಿನ ತಯಾರಿಕೆಯೂ ಆರಂಭವಾಯಿತು. ತಮ್ಮ ಸೇವೆಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ಬಳಸದೆ, ಯುವಕರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ವಿನಿಯೋಗಿಸುವಂತೆ ಸೂಚಿಸಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯ ಆರಂಭಕ್ಕೆ ಇದು ನೆರವಾಯಿತು.

ಅತ್ಯಂತ ಜಾಗರೂಕತೆಯ ಯೋಜನೆಯೂ ಮಾರುಕಟ್ಟೆಯ ಏರಿಳಿತವನ್ನು ಪೂರ್ಣವಾಗಿ ಮುಂಗಾಣಲಾರದು ಎಂಬುದನ್ನು ಭದ್ರಾವತಿಯ ಅನುಭವ ತೋರಿಸುತ್ತದೆ. ಆದರೆ ಲೆಕ್ಕ ಸ್ಪಷ್ಟವಾಗಿದ್ದಲ್ಲಿ ನಷ್ಟವೆಲ್ಲಿದೆ ಎಂಬುದು ಬೇಗ ತಿಳಿಯುತ್ತದೆ, ತಿದ್ದಿಕೊಳ್ಳಲು ಕಾಲವೂ ಉಳಿಯುತ್ತದೆ.

ಕಾರ್ಯವಿಧಾನ

ವಿಶ್ವೇಶ್ವರಯ್ಯನವರ ಸಮಯಪಾಲನೆ ನಾಡಿನಲ್ಲಿ ಮನೆಮಾತಾಗಿದೆ. ಅವರ ಕಾರ್ಯವಿಧಾನದ ಮುಖ್ಯ ಅಂಶಗಳು ಇಂತಿವೆ:

1. ಕೆಲಸ ಆರಂಭಿಸುವ ಮುನ್ನ ಸ್ಥಳಪರಿಶೀಲನೆ, ನಕ್ಷೆ ಮತ್ತು ಅಂದಾಜು ಪಟ್ಟಿಗಳನ್ನು ಪೂರ್ಣಗೊಳಿಸುವುದು.
2. ಬರೆದ ಕರಡನ್ನು ಹಲವು ಬಾರಿ ತಿದ್ದಿದ ನಂತರವೇ ಸಹಿ ಹಾಕುವುದು.
3. ಭೇಟಿ ಮತ್ತು ಪ್ರವಾಸಗಳ ವೇಳಾಪಟ್ಟಿಯನ್ನು ಮುಂಚಿತವಾಗಿ ಸಿದ್ಧಪಡಿಸಿ, ಅದರಂತೆ ನಡೆಯುವುದು.
4. ಕೆಲಸಗಾರನಿಗೆ ಮೊದಲು ತರಬೇತಿ, ಅನಂತರ ಹೊಣೆ.

ಕೊನೆಯ ದಿನಗಳು

1955ರಲ್ಲಿ ಭಾರತ ಸರ್ಕಾರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ನೂರು ವರ್ಷ ತುಂಬಿದ ಜೀವನವನ್ನು ನಡೆಸಿ 1962ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಭದ್ರಾವತಿಯ ಕಾರ್ಖಾನೆಗೆ ಅವರ ಹೆಸರನ್ನೇ ಇಡಲಾಯಿತು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ರಾಷ್ಟ್ರವು ಎಂಜಿನಿಯರುಗಳ ದಿನವನ್ನಾಗಿ ಆಚರಿಸುತ್ತದೆ.

ತರೀಕೆರೆಯ ಟ್ರಾಮ್ ಈಗಿಲ್ಲ. ಕೆಮ್ಮಣ್ಣುಗುಂಡಿಯಲ್ಲಿ ಅದಿರಿನ ಅಗೆತ ನಿಂತು, ಅದು ಪ್ರವಾಸಿಗರ ಗಿರಿಧಾಮವಾಗಿದೆ. ಆದರೂ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಇಂದು ಗಿರಣಿ, ಗ್ಯಾರೇಜು, ಕಟ್ಟಡ ಅಥವಾ ಕಚೇರಿಗಳಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಈ ಜೀವನ ಹತ್ತಿರದ್ದೇ ಆಗಿದೆ. ಅಳತೆಯನ್ನು ಮತ್ತೊಮ್ಮೆ ನೋಡಲು ಬೇಕಾಗುವುದು ಕೆಲವೇ ನಿಮಿಷಗಳು. ತಪ್ಪಿದ ಕೆಲಸವನ್ನು ಕೆಡವಿ ಕಟ್ಟಲು ಹಣ, ಕಾಲ, ಕೆಲವೊಮ್ಮೆ ಜೀವವೂ ಬೇಕಾಗುತ್ತದೆ. ಮೊದಲ ಸಲಕ್ಕೇ ಸರಿಯಾಗಿ ಮಾಡಿದ ಕೆಲಸವೇ ಈ ಮಹನೀಯರಿಗೆ ಸಲ್ಲಿಸುವ ನಿಜವಾದ ಗೌರವವಾಗಿದೆ.