ಹಾರುವ ಹುಲಿಗಳ ದಳಪತಿ ಷೆನಾಲ್ಟ್

ನಂಗಲಿಯ ಗಡಿಯನ್ನು ದಾಟಿ ಪಲಮನೇರಿನ ಕಡೆಗೆ ಸಾಗುವ ಲಾರಿಗಳನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ಇರಲಾರರು. ಕೋರೆಹಲ್ಲಿನ ರಕ್ಕಸನ ಮೊಗವೋ ಬಾಯ್ದೆರೆದ ಹುಲಿಯೋ ಅವುಗಳ ಮೈಮೇಲೆ ಇದ್ದೇ ಇರುತ್ತದೆ. ದೃಷ್ಟಿ ತಾಗದಿರಲೆಂದು ಹಾಗೆ ಬರೆಸುವುದು ವಾಡಿಕೆ. ಎರಡನೆಯ ಮಹಾಯುದ್ಧದಲ್ಲಿ ಇಂತಹುದೇ ಒಂದು ಮೊಗವನ್ನು ತಮ್ಮ ವಿಮಾನಗಳ ಮೂತಿಗೆ ಬರೆದುಕೊಂಡು ಕಾದಿದ ಪಡೆಯೊಂದಿತ್ತು. ಅದರ ದಳಪತಿಯೇ ಅಮೆರಿಕದ ಕ್ಲೇರ್ ಲೀ ಷೆನಾಲ್ಟ್.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಟೆಕ್ಸಾಸಿನ ಕಾಮರ್ಸ್ ಎಂಬ ಊರಿನಲ್ಲಿ ಜನಿಸಿದ ಷೆನಾಲ್ಟನು ಲೂಯಿಸಿಯಾನದಲ್ಲಿ ಬೆಳೆದನು. ಮೊದಲು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದು, ಅನಂತರ ಸೈನ್ಯವನ್ನು ಸೇರಿ 1919ರಲ್ಲಿ ವಿಮಾನ ನಡೆಸುವುದನ್ನು ಕಲಿತನು. ಬಾಂಬು ಹಾಕುವ ವಿಮಾನಗಳನ್ನು ತಡೆಯಲು ಯಾರಿಂದಲೂ ಆಗದೆಂಬುದು ಆಗಿನ ಸೇನಾಧಿಕಾರಿಗಳ ಮತ. ಶತ್ರುವಿನ ಸುಳಿವು ವೇಳೆಗೆ ಸರಿಯಾಗಿ ತಿಳಿದರೆ ಚಿಕ್ಕ ಕಾದಾಟದ ವಿಮಾನಗಳೇ ಅವನ್ನು ತಡೆಯಬಲ್ಲುವೆಂದು ಷೆನಾಲ್ಟನು ಪಟ್ಟುಹಿಡಿದು ವಾದಿಸಿದನು. ಮೇಲಿನವರಿಗೆ ಇದು ರುಚಿಸಲಿಲ್ಲ. ಕಿವಿಯೂ ಮಂದವಾಗುತ್ತ ಬಂದು, ಆರೋಗ್ಯವೂ ಕೆಟ್ಟು, 1937ರಲ್ಲಿ ಬರಿಯ ಕ್ಯಾಪ್ಟನ್ ಆಗಿಯೇ ನಿವೃತ್ತನಾದನು.

ಅದೇ ವರ್ಷ ಚಿಯಾಂಗ್ ಕೈ-ಷೇಕರ ಪತ್ನಿಯ ಕರೆಯಂತೆ ಮೂರು ತಿಂಗಳ ಕೆಲಸಕ್ಕೆಂದು ಚೀನಕ್ಕೆ ಹೋದವನು ಅಲ್ಲಿ ಎಂಟು ವರ್ಷ ನಿಂತನು. ಜಪಾನೀಯರ ವಿಮಾನಗಳು ಚೀನದ ಪಟ್ಟಣಗಳನ್ನು ಸುಡುತ್ತಿದ್ದ ಕಾಲವದು. ಹಳ್ಳಿಹಳ್ಳಿಗೂ ಕಾವಲಿನವರನ್ನು ಇರಿಸಿ, ಮುಗಿಲಿನಲ್ಲಿ ಸದ್ದು ಕೇಳಿದೊಡನೆ ದೂರವಾಣಿಯಲ್ಲೋ ರೇಡಿಯೋದಲ್ಲೋ ಸುದ್ದಿ ಮುಟ್ಟಿಸುವ ಏರ್ಪಾಡನ್ನು ಅವನು ಬೆಳೆಸಿದನು. ಕಿವಿ ಮಂದವಾಗಿದ್ದವನಿಗೆ ಚೀನದ ಹಳ್ಳಿಗಳೇ ಕಿವಿಯಾದುವೆನ್ನಬೇಕು. ಅವನ ಸಾಧನೆಗಳಲ್ಲಿ ಇದೇ ದೊಡ್ಡದೆಂದು ನನಗೆ ತೋರುತ್ತದೆ. ಆದರೆ ಜನರ ನೆನಪಿನಲ್ಲಿ ಉಳಿದುದು ಬಣ್ಣದ ಮೊಗ ಮಾತ್ರ.

1941ರಲ್ಲಿ ಅಮೆರಿಕದ ಸ್ವಯಂಸೇವಕ ವೈಮಾನಿಕರ ಪಡೆಯೊಂದು ಅವನ ಕೈಕೆಳಗೆ ಸಿದ್ಧವಾಯಿತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಆದುದರಿಂದ ಇವರನ್ನು ವಿಲಿಯಮ್ ಪಾಲೆ ಎಂಬ ವ್ಯಾಪಾರಿಯ ವಿಮಾನ ಕಂಪೆನಿಯ ನೌಕರರೆಂದು ಕಾಗದದಲ್ಲಿ ತೋರಿಸಲಾಯಿತು. ಈ ಪಾಲೆಯೇ ವಾಲ್‌ಚಂದ್ ಹೀರಾಚಂದರೊಡನೆ ಕೂಡಿ, ಮೈಸೂರು ಸರ್ಕಾರದ ನೆರವಿನಿಂದ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಸ್ಥಾಪನೆಗೆ ಕೈಹಾಕಿದವನು. 1943ರಿಂದ ಯುದ್ಧ ಮುಗಿಯುವವರೆಗೆ ಆ ಕಾರ್ಖಾನೆ ಅಮೆರಿಕನ್ ಸೇನೆಯ ಆಡಳಿತದಲ್ಲಿದ್ದು ಅವರ ವಿಮಾನಗಳನ್ನು ದುರಸ್ತಿ ಮಾಡಿಕೊಟ್ಟಿತು.

ಷೆನಾಲ್ಟನ ಪಡೆಗೆ ದೊರೆತುವು 100 ಪಿ-40 ವಿಮಾನಗಳು. ಅವುಗಳ ಮೂತಿಗೆ ವೈಮಾನಿಕರು ಶಾರ್ಕ್ ಮೀನಿನ ಬಾಯನ್ನೂ ಕಣ್ಣನ್ನೂ ಬರೆದರು. ಈ ಕಲ್ಪನೆ ಅವರದಲ್ಲ. ಉತ್ತರ ಆಫ್ರಿಕದ ಬ್ರಿಟಿಷ್ ವಿಮಾನಗಳ ಚಿತ್ರವನ್ನು ಕಂಡು ಬರೆದದ್ದು. ಬ್ರಿಟಿಷರಾದರೋ ಅದನ್ನು ಕದ್ದದ್ದು ಶತ್ರುಗಳಾದ ಜರ್ಮನರಿಂದ! 1941ರ ಡಿಸೆಂಬರ್ 20ರಂದು ಕುನ್ಮಿಂಗ್ ಪಟ್ಟಣದ ಬಳಿ ನಡೆದ ಮೊದಲ ಕಾಳಗದಲ್ಲೇ ಜಪಾನೀ ಬಾಂಬರುಗಳು ಹಿಮ್ಮೆಟ್ಟಿದುವು. ಇವರಿಗೆ ಹಾರುವ ಹುಲಿಗಳೆಂಬ ಹೆಸರು ಬಂದಿತು. ವಾಲ್ಟ್ ಡಿಸ್ನಿಯ ಚಿತ್ರಕಾರರು ರೆಕ್ಕೆಯ ಹುಲಿಮರಿಯೊಂದನ್ನು ಬರೆದುಕೊಟ್ಟರು.

ಈ ವೈಮಾನಿಕರ ಉಡುಪಿನ ವಿಚಾರ ಸ್ವಲ್ಪ ಹೇಳಬೇಕು. ಇಪ್ಪತ್ತು ಸಾವಿರ ಅಡಿಗಳ ಎತ್ತರದ ಚಳಿಗೆ ಸಾಮಾನ್ಯ ಬಟ್ಟೆ ಸಾಲದು. 1931ರಲ್ಲಿ ಅಮೆರಿಕನ್ ಸೇನೆ ಒಪ್ಪಿದ ಎ-2 ಎಂಬ ಗಿಡ್ಡನೆಯ ಚರ್ಮದ ಕೋಟು ಹೆಚ್ಚಾಗಿ ಕುದುರೆಯ ಚರ್ಮದ್ದು. ಮಿಕ್ಕ ರಣರಂಗಗಳಲ್ಲಿ ವೈಮಾನಿಕರು ತಮ್ಮ ವಿಮಾನದ ಮೂತಿಯ ಚಿತ್ರವನ್ನೇ ಈ ಕೋಟಿನ ಬೆನ್ನಿಗೂ ಬರೆಸಿಕೊಂಡು, ಹೋಗಿಬಂದ ದಾಳಿಗೊಂದರಂತೆ ಪುಟ್ಟ ಬಾಂಬಿನ ಗುರುತು ಹಾಕಿಸುತ್ತಿದ್ದರು. ಷೆನಾಲ್ಟನ ವೈಮಾನಿಕರ ಬೆನ್ನಿನ ಮೇಲೆ ಇದ್ದುದು ಬೇರೆ. ಚೀನದ ಬಾವುಟವನ್ನೂ ಚೀನೀ ಅಕ್ಷರಗಳನ್ನೂ ಅಚ್ಚುಹಾಕಿದ ಬಟ್ಟೆಯ ತುಂಡೊಂದನ್ನು ಅಲ್ಲಿ ಹೊಲಿದಿರುತ್ತಿತ್ತು. ಈ ಪರದೇಶಿಯು ನಿಮಗೆ ನೆರವಾಗಲು ಬಂದವನು, ಸೈನಿಕರೂ ಪ್ರಜೆಗಳೂ ಇವನನ್ನು ಕಾಪಾಡಬೇಕು ಎಂಬುದು ಅದರ ಒಕ್ಕಣೆ. ಮೂತಿಯ ಮೇಲೆ ಆರ್ಭಟ, ಬೆನ್ನಿನ ಮೇಲೆ ಬಿನ್ನಹ! ವಿಮಾನ ಬಿದ್ದ ಮೇಲೆ ಆರ್ಭಟದಿಂದ ಪ್ರಯೋಜನವೇನು? ಗದ್ದೆಯಲ್ಲಿ ಬಿದ್ದವನ ಪ್ರಾಣ ಆ ತುಂಡನ್ನು ಓದಿದ ರೈತನ ಕೈಯಲ್ಲಿತ್ತು. ಹೊರಗೆ ಹೊಲಿದ ಬಟ್ಟೆ ಶತ್ರುವಿನ ಕಣ್ಣಿಗೂ ಬೀಳುವುದೆಂದು ಅನೇಕರು ಮುಂದೆ ಅದನ್ನು ಕೋಟಿನ ಒಳಮೈಗೆ ಹೊಲಿಸಿಕೊಂಡರು.

ರೈತರೇನೋ ಕಾಪಾಡಿದರು. ಅದಕ್ಕೆ ತೆತ್ತ ಬೆಲೆಯನ್ನು ವೀರಗಾಥೆಗಳು ಹೇಳುವುದು ಕಡಮೆ. 1942ರ ಏಪ್ರಿಲಿನಲ್ಲಿ ಡೂಲಿಟ್ಲನ 16 ವಿಮಾನಗಳು ಟೋಕಿಯೋ ಮೊದಲಾದ ಪಟ್ಟಣಗಳ ಮೇಲೆ ಬಾಂಬು ಹಾಕಿದುವು; ಒಂದರ ಹೊರತು ಮಿಕ್ಕುವೆಲ್ಲ ಚೀನದತ್ತ ಬಂದುವು. ಈ ದಾಳಿಯ ಸುದ್ದಿಯನ್ನು ಷೆನಾಲ್ಟನಿಗೆ ಮೊದಲೇ ತಿಳಿಸಿರಲಿಲ್ಲವಾಗಿ ಅವನ ಕಾವಲುಜಾಲ ಅವರಿಗೆ ದಾರಿ ತೋರಲಾಗಲಿಲ್ಲ. ನೆಲಕ್ಕಿಳಿದವರಲ್ಲಿ ಬಹುಮಂದಿಯನ್ನು ಹಳ್ಳಿಗರು ಬಚ್ಚಿಟ್ಟು ಉಳಿಸಿದರು. ಸೇಡಿಗಾಗಿ ಜಪಾನೀ ಸೈನ್ಯ ಜೆಜಿಯಾಂಗ್, ಜಿಯಾಂಗ್‌ಸಿ ಪ್ರಾಂತಗಳ ಮೇಲೆ ಬಿದ್ದಿತು. ಸತ್ತ ಪ್ರಜೆಗಳು ಎರಡೂವರೆ ಲಕ್ಷವೆಂದು ಚೀನೀಯರ ಲೆಕ್ಕ. ಅವರ ಬೆನ್ನಿನ ಮೇಲೆ ಅವರನ್ನು ಕಾಪಾಡಿರೆಂಬ ಯಾವ ಬರಹವೂ ಇರಲಿಲ್ಲ.

1942ರ ಜುಲೈ 4ರಂದು ಸ್ವಯಂಸೇವಕ ಪಡೆ ವಿಸರ್ಜನೆಯಾಯಿತು. 1943ರಲ್ಲಿ ಹದಿನಾಲ್ಕನೆಯ ವಾಯುಸೇನೆಯ ಅಧಿಪತ್ಯ ಷೆನಾಲ್ಟನಿಗೆ ಬಂದಿತು. ಜನರಲ್ ಸ್ಟಿಲ್‌ವೆಲ್ಲನೊಡನೆ ಅವನ ಜಗಳ ಪ್ರಸಿದ್ಧ. ವಿಮಾನಬಲವೊಂದರಿಂದಲೇ ಎಲ್ಲವೂ ಸಾಧ್ಯವೆಂದು ಅವನು ನಂಬಿದ್ದುದು ಅತಿಯಾಯಿತು. 1944ರಲ್ಲಿ ಜಪಾನೀ ಭೂಸೇನೆ ಅವನ ವಿಮಾನನೆಲೆಗಳನ್ನೇ ಒಂದೊಂದಾಗಿ ಹಿಡಿಯಿತು. ಜಪಾನು ಶರಣಾಗುವ ಮುನ್ನವೇ, 1945ರ ಬೇಸಿಗೆಯಲ್ಲಿ, ಅವನು ಪದವಿಯನ್ನು ಬಿಡಬೇಕಾಯಿತು.

ಶ್ವಾಸಕೋಶದ ಕ್ಯಾನ್ಸರಿನಿಂದ ನರಳುತ್ತಿದ್ದ ಷೆನಾಲ್ಟನು 1958ರ ಜುಲೈ 27ರಂದು ನ್ಯೂ ಆರ್ಲಿಯನ್ಸಿನಲ್ಲಿ ಮೃತನಾದನು. ಲೆಫ್ಟಿನೆಂಟ್ ಜನರಲ್ ಪದವಿ ಅವನಿಗೆ ಬಂದುದು ಕೆಲವೇ ದಿನಗಳ ಹಿಂದೆ. ಅವನ ಸಮಾಧಿ ಆರ್ಲಿಂಗ್ಟನ್ನಿನ ಸೈನಿಕ ಸ್ಮಶಾನದಲ್ಲಿದೆ. ಕಲ್ಲಿನ ಮುಂಬದಿಯ ಬರಹ ಇಂಗ್ಲಿಷಿನದು; ಹಿಂಬದಿಯಲ್ಲಿ ಚೀನೀ ಅಕ್ಷರಗಳಲ್ಲಿ ಅವನ ಹೆಸರನ್ನು ಕೆತ್ತಿದ್ದಾರೆ.