ಎರಡಾಣೆಯನ್ನು ನಂಬಿದ ಮಹನೀಯರು: ಡಾ. ಟಿ. ಎಂ. ಎ. ಪೈ

ಸಂಜೆಯ ಹೊತ್ತು ನಮ್ಮ ಅಮ್ಮತ್ತಿಯ ಪೇಟೆಯಲ್ಲಿ ಸ್ವಲ್ಪ ನಿಂತು ನೋಡಿದರೆ, ಅಂಗಡಿಯಿಂದ ಅಂಗಡಿಗೆ ಹೋಗಿ ದಿನದ ಹಣವನ್ನು ಎತ್ತುವವರೊಬ್ಬರು ಕಣ್ಣಿಗೆ ಬೀಳುತ್ತಾರೆ. ಹಣ್ಣು ಮಾರುವವನು, ಚಹದಂಗಡಿಯವನು, ಹೊಲಿಗೆ ಯಂತ್ರದ ಮುಂದೆ ಕುಳಿತ ತಾಯಿ, ಎಲ್ಲರೂ ಅಂದಿನ ಸಂಪಾದನೆಯಲ್ಲಿ ಚೂರು ಮಿಗಿಸಿ ಅವರ ಕೈಗೆ ಕೊಡುತ್ತಾರೆ. ಇದಕ್ಕೆ ಪಿಗ್ಮಿ ಕಟ್ಟುವುದು ಎಂದು ಹೆಸರು. ನನ್ನ ತಂದೆಯವರದೂ ಪೇಟೆಯಲ್ಲೊಂದು ಪುಟ್ಟ ಅಂಗಡಿ. ನಾನು ಈ ಕಾಲೇಜಿಗೆ ಸೇರಿದ ವರ್ಷ ಶುಲ್ಕಕ್ಕೂ ಪುಸ್ತಕಕ್ಕೂ ಆದದ್ದು ಅವರು ಕಟ್ಟಿದ್ದ ಪಿಗ್ಮಿಯ ಹಣವೇ. ಇಷ್ಟು ಬಳಕೆಯಾದ ಈ ಪದ್ಧತಿಗೆ ಮೂಲಪುರುಷರಾದ ಡಾಕ್ಟರ್ ತೋನ್ಸೆ ಮಾಧವ ಅನಂತ ಪೈಗಳ ಜೀವನವನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮಾಧವ ಪೈಗಳು ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿಯ ಸೀಮೆಯಲ್ಲಿ. ಮದ್ರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಊರಿಗೆ ಮರಳಿ ವೈದ್ಯವೃತ್ತಿಯನ್ನು ಕೈಗೊಂಡರು. ವೈದ್ಯನಾದವನಿಗೆ ಊರಿನ ನಾಡಿ ಬೇಗ ಸಿಕ್ಕುತ್ತದೆ. ಯಾರ ಮನೆಯಲ್ಲಿ ಎಷ್ಟು ಕಾಸಿದೆ, ಯಾರು ಔಷಧಕ್ಕೂ ಸಾಲ ಮಾಡುತ್ತಾರೆ ಎಂಬುದು ಅವನಿಗೆ ತಿಳಿಯದೆ ಇರುವುದಿಲ್ಲ. ರೋಗದ ಹಿಂದೆ ಬಡತನವನ್ನೂ ಬಡತನದ ಹಿಂದೆ ಅವಿದ್ಯೆಯನ್ನೂ ಕಂಡ ಪೈಗಳು ಮುಂದೆ ಮೂರಕ್ಕೂ ಮದ್ದನ್ನು ಹುಡುಕಲು ಹೊರಟರೆಂದರೆ ಅತಿಶಯೋಕ್ತಿಯಾಗಲಾರದು.

ಆ ಕಾಲದಲ್ಲಿ ಕರಾವಳಿಯ ಕೈಮಗ್ಗದ ಉದ್ಯಮ ಕಷ್ಟಕ್ಕೆ ಸಿಕ್ಕಿತ್ತು. ನೇಕಾರರಿಗೆ ನೂಲಿಗೆ ಬೇಕಾದ ಬಂಡವಾಳ ಹುಟ್ಟುತ್ತಿರಲಿಲ್ಲ. ಅವರಿಗೆ ಆಸರೆಯಾಗಬೇಕೆಂಬ ಹಂಬಲದಿಂದ 1925ರಲ್ಲಿ ಮೂವರು ಉಡುಪಿಯಲ್ಲಿ ಒಂದಾದರು. ಒಬ್ಬರು ವೈದ್ಯರಾದ ಮಾಧವ ಪೈಗಳು. ಇನ್ನೊಬ್ಬರು ಅವರ ಅಣ್ಣ, ವ್ಯಾಪಾರಿ ಉಪೇಂದ್ರ ಅನಂತ ಪೈಗಳು. ಮೂರನೆಯವರು ಎಂಜಿನಿಯರಾಗಿದ್ದ ವಾಮನ ಕುಡ್ವರು. ಕೂಡಿಸಿದ ಬಂಡವಾಳ ಎಂಟು ಸಾವಿರ ರೂಪಾಯಿ. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಉದ್ದನೆಯ ಹೆಸರಿನ ಆ ಸಣ್ಣ ಸಂಸ್ಥೆಯೇ ಮುಂದೆ 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಆಯಿತು.

ದಕ್ಷಿಣ ಕನ್ನಡಕ್ಕೆ ಬ್ಯಾಂಕು ಹೊಸತೇನಲ್ಲ. 1906ರಷ್ಟು ಹಿಂದೆಯೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳೂ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರೂ ಹಣಕಾಸಿನ ಸಂಸ್ಥೆಗಳಿಗೆ ಅಡಿಪಾಯ ಹಾಕಿದ್ದರು. ಆದರೆ ಬ್ಯಾಂಕಿನ ಮೆಟ್ಟಿಲನ್ನೇರಲು ದಿನಗೂಲಿಯವನಿಗೆ ಆಗಲೂ ಅಂಜಿಕೆ. ಓದುಬರಹ ಬಾರದು, ಕಟ್ಟಲು ಕೈಯಲ್ಲಿ ಇಡಿಗಂಟು ಇಲ್ಲ, ಕೆಲಸ ಬಿಟ್ಟು ಹೋದರೆ ಅಂದಿನ ಕೂಲಿಯೂ ಇಲ್ಲ. ಇಂಥವನು ಬ್ಯಾಂಕಿಗೆ ಬಾರದಿದ್ದರೆ ಬ್ಯಾಂಕೇ ಅವನ ಬಾಗಿಲಿಗೆ ಹೋಗಲಿ ಎಂಬುದು 1928ರಲ್ಲಿ ಆರಂಭವಾದ ಪಿಗ್ಮಿ ಯೋಜನೆಯ ತಿರುಳು. ಪಿಗ್ಮಿ ಎಂದರೆ ಗಿಡ್ಡನೆಯದು, ಕಿರಿದು. ದಿನಕ್ಕೆ ಎರಡಾಣೆಯಾದರೂ ಸಾಕು. ಪ್ರತಿನಿಧಿಯೊಬ್ಬ ಮನೆಬಾಗಿಲಿಗೆ ಬಂದು ಪಡೆದುಕೊಂಡು ಹೋಗುತ್ತಾನೆ.

ಲೆಕ್ಕಾಚಾರದವರ ಕಣ್ಣಿಗೆ ಇದು ಹುಚ್ಚಾಟವಾಗಿಯೇ ಕಾಣಬೇಕು. ಎರಡಾಣೆಯನ್ನು ಎತ್ತಲು ಒಬ್ಬ ಮನುಷ್ಯ ಬಿಸಿಲುಮಳೆಯೆನ್ನದೆ ನಡೆಯಬೇಕು, ಅವನಿಗೆ ದಲ್ಲಾಳಿಯ ಹಣ ಕೊಡಬೇಕು, ಪುಸ್ತಕದಲ್ಲಿ ಬರೆಯಬೇಕು. ಆದರೆ ಇನ್ನೊಂದು ಲೆಕ್ಕವೂ ಉಂಟು. ದಿನಕ್ಕೆ ಎರಡಾಣೆಯೆಂದರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ ನಲವತ್ತೈದು ರೂಪಾಯಿಗೆ ಮೇಲೆ. ಆ ಕಾಲದ ಬಡವನಿಗೆ ಇದು ಸಣ್ಣ ಗಂಟಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ವ್ಯವಹಾರವಾಯಿತು. ಅದಕ್ಕಿಂತ ಮುಖ್ಯವಾಗಿ, ದಿನವೂ ಬಾಗಿಲಿಗೆ ಬರುವವನಿಗೆ ಆ ಮನೆಯ ಮನುಷ್ಯನ ಪರಿಚಯವಾಗುತ್ತದೆ. ಮಳೆಗಾಲದ ಕಷ್ಟದಲ್ಲಿಯೂ ತಪ್ಪದೆ ಕಟ್ಟುವವನು ನಾಳೆ ಸಾಲ ಕೇಳಿದರೆ ಅವನ ನಡತೆಯೇ ಜಾಮೀನು. ಆಸ್ತಿ ಇಲ್ಲದವನಿಗೂ ಹೀಗೊಂದು ಮರ್ಯಾದೆ ಲಭಿಸಿತು.

ಕಿರಿಯರಿಗೆ ಹೊಣೆ ವಹಿಸುವುದರಲ್ಲಿಯೂ ಪೈಗಳ ಮನೆತನ ಹಿಂಜರಿಯಲಿಲ್ಲ. ಉಪೇಂದ್ರ ಪೈಗಳ ಮಗ ಟಿ. ಎ. ಪೈಗಳು ಇಪ್ಪತ್ತರ ಹರೆಯದಲ್ಲಿಯೇ ಬ್ಯಾಂಕಿನ ಆಡಳಿತಕ್ಕೆ ಬಂದರು. ಚಿಕ್ಕಪ್ಪನ ಗರಡಿಯಲ್ಲಿ ಪಳಗಿದ ಅವರು 1965ರಲ್ಲಿ ಭಾರತ ಆಹಾರ ನಿಗಮದ ಮೊದಲ ಅಧ್ಯಕ್ಷರಾದರು. ಮುಂದೆ ಕೇಂದ್ರದಲ್ಲಿ ಮಂತ್ರಿಗಳೂ ಆದರು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯೊಂದನ್ನು ತೆರೆದದ್ದೂ ಈ ಬ್ಯಾಂಕಿನ ಕೀರ್ತಿಗೆ ಸಲ್ಲುತ್ತದೆ.

ಹಣವನ್ನು ಕೂಡಿಸಿದ ಕೈಯೇ ವಿದ್ಯೆಯನ್ನೂ ಹಂಚಲು ಹೊರಟಿತು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, ಹೀಗೆ ಒಂದರ ಮೇಲೊಂದು ತಲೆಯೆತ್ತಿದವು. ಬೋಳುಗುಡ್ಡವಾಗಿದ್ದ ಮಣಿಪಾಲ ವಿದ್ಯಾನಗರವಾಯಿತು. ವೈದ್ಯಕೀಯ ಕಾಲೇಜು ಆರಂಭವಾದಾಗ ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯದಲ್ಲಿತ್ತು. ನಮ್ಮ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಎರಡೂ 1956ರ ನವೆಂಬರ್ 1ರಂದು ಒಂದೇ ದಿನ ಮೈಸೂರು ರಾಜ್ಯವನ್ನು ಸೇರಿದವು.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಸರ್ಕಾರದ ಬೊಕ್ಕಸವನ್ನು ನೆಚ್ಚದೆ ವೈದ್ಯಕೀಯ ಕಾಲೇಜನ್ನು ನಡೆಸಲು ವಿದ್ಯಾರ್ಥಿಗಳ ಕಡೆಯಿಂದಲೇ ಹಣ ಬರಬೇಕಾಯಿತು. ಆ ದಾರಿಯನ್ನು ಮುಂದೆ ಅನೇಕರು ಹಿಡಿದರು; ಅವರಲ್ಲಿ ಎಲ್ಲರಿಗೂ ಪೈಗಳ ಸೇವಾಬುದ್ಧಿ ಇರಲಿಲ್ಲ. ಸೀಟಿಗೆ ಬೆಲೆ ಕಟ್ಟುವ ವ್ಯಾಪಾರ ಬೆಳೆಯಿತು. 1992ರಲ್ಲಿ ಕರ್ನಾಟಕದ ಮೊಕದ್ದಮೆಯೊಂದರಲ್ಲಿಯೇ ಸುಪ್ರೀಂ ಕೋರ್ಟು ಕ್ಯಾಪಿಟೇಷನ್ ಶುಲ್ಕ ಸಲ್ಲದೆಂದು ತೀರ್ಪಿತ್ತಿತು. 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಖಾಸಗಿಯವರಿಗೆ ಕಾಲೇಜು ಕಟ್ಟುವ ಹಕ್ಕನ್ನು ಮನ್ನಿಸಿತು. ಜೊತೆಗೆ ವಿದ್ಯೆಯಿಂದ ಲಾಭ ಸುಲಿಯುವಂತಿಲ್ಲವೆಂದೂ ಹೇಳಿತು. ಆ ತೀರ್ಪನ್ನು ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆ ಎಂಬ ಹೆಸರಿನಿಂದಲೇ ದೇಶವೆಲ್ಲ ಓದುತ್ತದೆ.

ಪಿಗ್ಮಿಯ ಹಣದಿಂದ ಸರ್ಕಾರಿ ಕಾಲೇಜಿನಲ್ಲಿ ಓದುವ ನನ್ನಂಥವನಿಗೆ ಇದು ಬರಿಯ ಕಾನೂನಿನ ವಿಷಯವಲ್ಲ. ತಂದೆಯವರ ದಿನದಿನದ ಉಳಿತಾಯ ಈ ಬಾಗಿಲನ್ನು ತೆರೆಯಿತು; ಖಾಸಗಿ ವೈದ್ಯಕೀಯ ಕಾಲೇಜಿನ ಬಾಗಿಲನ್ನು ಅದು ಎಂದೂ ತೆರೆಯಲಾರದು. ಆದರೂ ನ್ಯಾಯವಾಗಿ ನೋಡಿದರೆ, ಸರ್ಕಾರದ ಕಾಲೇಜುಗಳು ಬೆರಳೆಣಿಕೆಯಷ್ಟಿದ್ದ ದಿನಗಳಲ್ಲಿ ಕೈಕಟ್ಟಿ ಕುಳಿತಿದ್ದರೆ ಅಲ್ಲಿ ಕಲಿತ ಸಾವಿರಾರು ವೈದ್ಯರು ನಾಡಿಗೆ ಸಿಕ್ಕುತ್ತಿರಲಿಲ್ಲ. ನಮ್ಮ ಮಡಿಕೇರಿಗೆ ಸರ್ಕಾರದ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ, ಮಣಿಪಾಲದ ಕಾಲೇಜು ಹುಟ್ಟಿ ಅರುವತ್ತು ವರ್ಷ ಮೀರಿದ ಮೇಲೆ. ಪೈಗಳು ಕಾಯಲಿಲ್ಲ, ಕಾಯದೆ ನಡೆದದ್ದಕ್ಕೆ ತೆತ್ತ ಬೆಲೆಯೂ ಉಂಟು. ಎರಡನ್ನೂ ಒಟ್ಟಿಗೆ ನೆನೆಯುವುದೇ ಅವರಿಗೆ ಸಲ್ಲಿಸುವ ನಿಜವಾದ ಗೌರವವೆಂದು ನಾನು ಭಾವಿಸುತ್ತೇನೆ.

1969ರ ಜುಲೈ 19ರಂದು ಬ್ಯಾಂಕು ರಾಷ್ಟ್ರೀಕರಣವಾಗಿ ಪೈಗಳ ಮನೆತನದ ಕೈಯಿಂದ ಸರ್ಕಾರಕ್ಕೆ ಹೋಯಿತು. 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರನ್ನು ಅರಸಿ ಬಂತು. 1979ರ ಮೇ 29ರಂದು ಅವರು ಕಾಲವಾದರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಗಿ ಆ ಹೆಸರಿನ ಫಲಕಗಳು ಕೆಳಗಿಳಿದವು.

ಹೆಸರು ಹೋಯಿತು, ಹೆಜ್ಜೆ ಉಳಿಯಿತು. ಬೇರೆ ಬ್ಯಾಂಕುಗಳೂ ಸಹಕಾರ ಸಂಘಗಳೂ ಪಿಗ್ಮಿಯನ್ನು ತಮ್ಮದಾಗಿಸಿಕೊಂಡಿವೆ. ಆಣೆ ಚಲಾವಣೆಯಿಂದ ಮರೆಯಾಗಿ ಎಷ್ಟೋ ಕಾಲವಾಯಿತು; ಆದರೆ ಬಡವನ ಚಿಕ್ಕ ನಾಣ್ಯಕ್ಕೂ ಎದ್ದು ಬಂದು ಕೈಯೊಡ್ಡುವ ಆ ವಿನಯ ಸವೆಯಲಿಲ್ಲ. ನಾಳೆ ನಮ್ಮಲ್ಲಿ ಕೆಲವರು ಬ್ಯಾಂಕಿನ ಮೇಜಿನ ಹಿಂದೆ, ಕೆಲವರು ಕಚೇರಿಯ ಕಿಟಕಿಯ ಒಳಗೆ ಕುಳಿತೇವು. ಹೊರಗೆ ನಿಂತು ಒಳಬರಲು ಅಂಜುವವನನ್ನು ಕಂಡಾಗ, ಒಮ್ಮೆ ಎದ್ದು ಅವನ ಬಾಗಿಲವರೆಗೆ ಹೋಗುವ ಮನಸ್ಸು ನಮಗೂ ಬರಲಿ.